ಸಿರುಗುಪ್ಪದ ಹೊಳೆಯಲ್ಲಿ ಒಂದು ರಜಾ ದಿನ

ನಮ್ಮ ಜಿಲ್ಲೆಯ ಸ್ಟ್ರಿಂಗರ್‌ಗಳಿಗೆ ತುಂಗಭದ್ರೆ ಸುದ್ದಿಯಾಗೋದು ಎರಡೇ ಸಲ. ಡ್ಯಾಂ ತುಂಬಿ ಗೇಟು ಎತ್ತಿದಾಗ ಒಮ್ಮೆ, ಕಾಲುವೆಯ ಕೊನೇ ಭಾಗದ ರೈತರಿಗೆ ನೀರು ತಲುಪದಿದ್ದಾಗ ಇನ್ನೊಮ್ಮೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗಂತೂ ವಾರಪೂರ್ತಿ ನಮಗೆ ಸರಿಯಾದ ನಿದ್ದೆ ಇರಲಿಲ್ಲ. ಆದರೆ ಹೊಳೆಯನ್ನು ಹೊಳೆಯಾಗಿ ನೋಡಿದ್ದು ಬೇಸಿಗೆಯ ಒಂದು ಭಾನುವಾರ, ಗೆಳೆಯನ ಜೊತೆ ಮೀನು ಹಿಡಿಯೋಕೆ ಹೋದಾಗ.

ಗೆಳೆಯ ಬೆಸ್ತರ ಮನೆಯವನು. ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾನೆ. ಅವರಪ್ಪನ ಹರಿಗೋಲು ಮಾತ್ರ ಸಿರುಗುಪ್ಪ ಕಡೆಯ ಊರಲ್ಲೇ ಇದೆ. ನಸುಕಿನಲ್ಲೇ ಬೈಕ್ ಹತ್ತಿ, ಗಾಳ ತರಲು ಅವನ ಅಕ್ಕನ ಊರು ಕುರುಗೋಡಿಗೆ ಸುತ್ತಿಕೊಂಡು ಹೋದೆವು. ದೊಡ್ಡಬಸವೇಶ್ವರನಿಗೆ ಕೈ ಮುಗಿದು, ಒಗ್ಗರಣೆ ಮಿರ್ಚಿ ತಿಂದು, ಭತ್ತದ ಗದ್ದೆಗಳ ನಡುವೆ ಹೊಳೆ ಸೇರಿದೆವು.

ಬೇಸಿಗೆಯ ಹೊಳೆ ಅಂದರೆ ಬಂಡೆ, ಮರಳು, ಅಲ್ಲಲ್ಲಿ ಮಡುವು. ಗದ್ದೆ ಬದುವಿನ ಎರೆಹುಳು ಸಿಕ್ಕಿಸಿ ಗಾಳ ಬಿಟ್ಟರೆ ಬಂದದ್ದೆಲ್ಲ ಜಿಲೇಬಿ ಮೀನು. ಅದರ ಮೂಲ ಆಫ್ರಿಕಾ. 'ಎಲ್ಲಾ ಹೊರಗಿನವೇ ಬಂದು ಕುಂತಾವ' ಅಂತ ಗೆಳೆಯ ನಕ್ಕ. ಹತ್ತು ಗಂಟೆಗೆ ಬಂಡೆ ನೆರಳಿನ ಆಳ ನೀರಿಗೆ ಹರಿಗೋಲು ತಿರುಗಿಸಿ, ಸಣ್ಣ ಮೀನನ್ನೇ ಕೊಕ್ಕೆಗೆ ಚುಚ್ಚಿದ. ಸ್ವಲ್ಪ ಹೊತ್ತಿಗೆ ದಾರ ಬೆರಳು ಕೊಯ್ಯುವಂತೆ ಎಳೆಯಿತು. ಹರಿಗೋಲು ಎರಡು ಸುತ್ತು ತಿರುಗಿತು. ಮೇಲೆ ಬಂದದ್ದು ಬಾಳೆಮೀನು: ಹುರುಪೆ ಇಲ್ಲದ ನುಣುಪು ಮೈ, ಅಗಲ ಬಾಯಿ, ಸಾಲು ಹಲ್ಲು. ಚಿಕ್ಕಂದಿನಲ್ಲಿ ಅಪ್ಪನ ಬಲೆಗೆ ವಾರಕ್ಕೊಂದಾದರೂ ಬೀಳುತ್ತಿತ್ತಂತೆ. ಅವನು ಇದನ್ನು ಕಂಡು ಎರಡು ವರ್ಷವಾಗಿತ್ತು. ಐಯುಸಿಎನ್ ಕೆಂಪು ಪಟ್ಟಿಯಲ್ಲೂ ಈಗ ಇದರ ಹೆಸರಿದೆ.

ಮಧ್ಯಾಹ್ನ ದೂರದ ತಿರುವಿನಲ್ಲಿ 'ಧಡ್' ಅಂತ ಸದ್ದಾಯಿತು. ಕ್ವಾರಿ ಇರಬೇಕು ಅಂದುಕೊಂಡೆವು. ಗೆಳೆಯ ಮಾತಾಡದೆ ಗಾಳ ಸುತ್ತಿದ. ಸ್ವಲ್ಪ ಹೊತ್ತಿಗೆ ಬೆರಳುದ್ದದ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲಿ ಬಂದವು. ಸಿಡಿಮದ್ದಿನ ಹೊಡೆತಕ್ಕೆ ಮೀನಿನೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲುವುದು ಸ್ವಲ್ಪ, ತಳ ಸೇರಿ ಕೊಳೆಯುವುದು ಹೆಚ್ಚು. ಹೀಗೆ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು.

ಮೇಲ್ಭಾಗದಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಸಿರುಗುಪ್ಪ ಅದರ ಕೆಳಗೆ. ನೀರುನಾಯಿ ಬಲೆ ಹರಿಯುತ್ತದೆ ಅಂತ ಅವರಪ್ಪ ಬೈಯುತ್ತಿದ್ದರಂತೆ. 'ಅದು ಹೊಟ್ಟಿಗಷ್ಟ ತಿಂತಿತ್ತು. ಇವ್ರು ಬೀಜಾನೂ ಉಳಸಂಗಿಲ್ಲ' ಅಂದ.

ಸುದ್ದಿ ಮಾಡೋಣವೇ ಅಂತ ಕೇಳಿದೆವು. 'ಮಾಡ್ರಿ. ನನ್ನ ಹೆಸ್ರು ಬ್ಯಾಡ, ಊರಿನ ಹೆಸ್ರೂ ಬ್ಯಾಡ. ಅಪ್ಪ ದಿನಾ ಅದೇ ನೀರಿಗೆ ಇಳೀಬೇಕು.' ಹೆಸರಿಲ್ಲದ, ಫೋಟೊ ಇಲ್ಲದ ಸುದ್ದಿಗೆ ಪತ್ರಿಕೆಯಲ್ಲಿ ಜಾಗ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ, ಅವನು ಹೇಳಿದ ಎರಡೂ ಹೆಸರು ಬಿಟ್ಟು. ಹೊಳೆದಂಡೆಯ ಊರಿನ ಗೆಳೆಯರೇ, ಮಧ್ಯಾಹ್ನದ ಸದ್ದು ಕೇಳಿದರೆ ಕ್ವಾರಿ ಅಂದುಕೊಳ್ಳುವ ಮುಂಚೆ ಒಮ್ಮೆ ನೀರಿನ ಕಡೆ ನೋಡಿ.