ಬೆಲ್ಲ ತಿಂದ ಕರಿಯ

ಯಾವ ವರ್ಷ ಅಂತ ಕೇಳಬೇಡಿ. ಆ ರಾತ್ರಿ ಕಡುಬಿನ ಜೊತೆ ಕಳಲೆ ಪಲ್ಯ ಇತ್ತು, ಹಾಗಾಗಿ ಮಳೆಗಾಲ ಅನ್ನೋದಂತೂ ಖಾತ್ರಿ. ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನಿಗೆ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ನೋವಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿಂದ ಮಾರ್ಫಿನ್ ಮಾತ್ರೆ ತರುತ್ತಿದ್ದೆವು, 10 ಮಿಲಿಗ್ರಾಂನದು. ಕಹಿ ಅಂತ ದೊಡ್ಡಪ್ಪ ಅದನ್ನು ಬೆಲ್ಲದ ಉಂಡೆಯೊಳಗಿಟ್ಟೇ ನುಂಗೋದು. ಕಾಫಿಗೂ ಬೆಲ್ಲ, ದೋಸೆಗೂ ಬೆಲ್ಲ, ಅಂಥ ಮನುಷ್ಯ. ಮರುದಿನಕ್ಕೆ ಬೇಕಾದ ಉಂಡೆಗಳನ್ನು ದೊಡ್ಡಮ್ಮ ಸಂಜೆಯೇ ಕಟ್ಟಿ ಬಟ್ಟಲಲ್ಲಿಟ್ಟಿದ್ದರು. ನಾಯಿ ಕರಿಯ ಬಟ್ಟಲನ್ನೇ ನೆಕ್ಕಿ ಮುಗಿಸಿತ್ತು.

ಮೊದಲು ವಾಂತಿ. ಆಮೇಲೆ ಎಬ್ಬಿಸಿದರೂ ಏಳದು. ಉಸಿರು ಬಂತೋ ಇಲ್ಲವೋ ಅಂತ ಕಾದು ನೋಡಬೇಕು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು.

ಪಶುವೈದ್ಯರು ರೇನ್‌ಕೋಟಿನಲ್ಲಿ ನೀರು ಸುರಿಸುತ್ತಾ ಬಂದರು. ನಲೋಕ್ಸೋನ್ ಇಂಜೆಕ್ಷನ್ ಅವರ ಪೆಟ್ಟಿಗೆಯದ್ದಲ್ಲ. ಮನುಷ್ಯರ ಆಸ್ಪತ್ರೆಯಿಂದ ತಂದರೋ, ಮೆಡಿಕಲ್ ಶಾಪಿನವನನ್ನು ಎಬ್ಬಿಸಿ ತಂದರೋ, ಮರೆತಿದೆ. 10 ಕೆ.ಜಿ. ನಾಯಿಗೆ 0.4 ಮಿಲಿಗ್ರಾಂ ಲೆಕ್ಕವಂತೆ. ಕಾಲಿನ ನರಕ್ಕೆ ಚುಚ್ಚಿದರು. ಒಂದೆರಡು ನಿಮಿಷ ಆಗಿರಬೇಕು, ಸತ್ತೇ ಹೋಯ್ತು ಅಂದುಕೊಂಡಿದ್ದ ಕರಿಯ ತಲೆಯೆತ್ತಿ ಡಾಕ್ಟರಿಗೇ ಗುರ್ ಅಂದ!

ದೊಡ್ಡಮ್ಮ ಕೈ ಮುಗಿದರು. ಡಾಕ್ಟರು ಮಾತ್ರ ಎದ್ದು ಹೋಗಲಿಲ್ಲ. "ಇದು ಮಾರ್ಫಿನ್ನನ್ನು ಕೂತಲ್ಲಿಂದ ಎಬ್ಬಿಸಿ ತಾನು ಕೂರ್ತದೆ ಅಮ್ಮ. ಆದರೆ ಗಂಟೆಯೊಳಗೆ ಇದೇ ಎದ್ದು ಹೋಗ್ತದೆ, ಹೊಟ್ಟೇಲಿರೋ ಮಾರ್ಫಿನ್ ಇನ್ನೂ ಇರ್ತದಲ್ಲ" ಅಂದರು. ಇದನ್ನು ಕೇಳಿದ ಮೇಲೆ ದೊಡ್ಡಮ್ಮ ಬಿಡುತ್ತಾರಾ? ಎಲೆ ಹಾಕಿದರು. ಆ ಡಾಕ್ಟರು ಕಡುಬು ತಿಂದ ಪರಿ! ಎರಡು ತುತ್ತಿಗೊಮ್ಮೆ ಎದ್ದು, ಎಡಗೈಯಲ್ಲಿ ಕರಿಯನ ಪಕ್ಕೆ ಮುಟ್ಟಿ ಉಸಿರು ಎಣಿಸೋದು, ಮತ್ತೆ ಬಂದು ಪಲ್ಯ ಕೇಳೋದು. ಒಲೆ ಹತ್ತಿರ ಮಲಗಿದ್ದ ಬೆಕ್ಕನ್ನು ತೋರಿಸಿ, "ಇದು ತಿಂದಿದ್ರೆ ಬೇರೆ ನಾಟಕ. ಬೆಕ್ಕಿಗೆ ಪಾಪೆ ಅಗಲ ಆಗ್ತದೆ, ಹುಚ್ಚು ಹಿಡಿದಂಗೆ ಓಡಾಡ್ತದೆ. ಔಷಧ ಮಾತ್ರ ಇದೇ" ಅಂದರು. ಅಷ್ಟರಲ್ಲಿ ಕರಿಯ ಮತ್ತೆ ತೂಕಡಿಸತೊಡಗಿತ್ತು. ಎಂಜಲು ಕೈ ತೊಳೆದು ಇನ್ನೊಂದು ಸೂಜಿ.

ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಪ್ಪ ಕೂಗಿದರು: "ಡಾಕ್ಟ್ರೇ, ಕತ್ತಲೇಲಿ ಕೈ ತಪ್ಪಿ ನಂಗೆ ಚುಚ್ಚೀರಿ ಮಾರಾಯ್ರೇ! ಓಡಿಸಿದ ನೋವೆಲ್ಲ ವಾಪಸ್ ಬಂದು ಕೂತ್ಕೊಳ್ತದೆ."

ಡಾಕ್ಟರು ನಗುತ್ತಾ ಇನ್ನೆರಡು ಕಡುಬು ಹಾಕಿಸಿಕೊಂಡರು.