ಲಾಸೆನ್: ಕುದಿಯುವ ನೆಲದಲ್ಲಿ ಎರಡು ದಿನ

ಕ್ಯಾಲಿಫೋರ್ನಿಯ ರಾಜ್ಯದ ಈಶಾನ್ಯ ಭಾಗದಲ್ಲಿ 10,457 ಅಡಿ ಎತ್ತರದ ಲಾಸೆನ್ ಎಂಬ ಜ್ವಾಲಾಮುಖಿ ಪರ್ವತವಿದೆ. 1914ರ ಮೇ ತಿಂಗಳಲ್ಲಿ ಎಚ್ಚತ್ತು, ಮೂರು ವರ್ಷ ಮತ್ತೆ ಮತ್ತೆ ಸಿಡಿದು, ಅದು ಮೌನವಾಯಿತು. ಸರಕಾರ ಈ ಪ್ರದೇಶವನ್ನು ರಕ್ಷಿಸಿದ ಬಗೆಯೂ ಕುತೂಹಲಕರವಾಗಿದೆ. ಪ್ರಾಚೀನ ಅವಶೇಷಗಳ ರಕ್ಷಣೆಗೆಂದು 1906ರಲ್ಲಿ ಆದ ಕಾಯಿದೆಯನ್ನು ಬಳಸಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1907ರಲ್ಲಿಯೇ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದರು. ಬೆಟ್ಟ ಬೆಂಕಿ ಕಾರಿದ ಮೇಲೆ, 1916ರ ಆಗಸ್ಟ್ 9ರಂದು, ಸಂಸತ್ತು ಅದನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿತು. ಸಾವಿರಾರು ವರ್ಷ ಅಲ್ಲಿ ಬೇಟೆಯಾಡಿ ಬದುಕಿದ ಅಟ್ಸುಗೆವಿ, ಯಾನ, ಯಾಹಿ, ಮೈಡು ಜನರ ಹಕ್ಕನ್ನು ಮಾತ್ರ ಆಗ ಯಾರೂ ವಿಚಾರಿಸಲಿಲ್ಲ. ದಕ್ಷಿಣ ದ್ವಾರದ ಸಂದರ್ಶಕರ ಕೇಂದ್ರಕ್ಕೆ ಈಗ ಮೈಡು ಭಾಷೆಯ ಹೆಸರಿದೆ: ಕೋಮ್ ಯಾಮಾನಿ, ಅಂದರೆ ಹಿಮದ ಬೆಟ್ಟ. ಅಷ್ಟಾದರೂ ಉಳಿಯಿತು.

ಆಗಸ್ಟ್ ತಿಂಗಳ ಒಂದು ಶನಿವಾರ, ಅಕ್ಕಲಕೋಟ ತಾಲೂಕಿನ ಮೂಲದ ಕುಟುಂಬವೊಂದು ಸ್ಯಾಕ್ರಮೆಂಟೊ ನಗರದಿಂದ ಈ ಬೆಟ್ಟಕ್ಕೆ ಹೊರಟಿತು. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ಹೆಂಡತಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ಅಮೆರಿಕಕ್ಕೆ ಬಂದ ಎಪ್ಪತ್ತೆರಡರ ಅಜ್ಜ. ಊರಿನ ಒಂಬತ್ತು ಎಕರೆ ಎರೆ ಹೊಲವನ್ನು ಮಾರಿ ಅಜ್ಜ ಇಲ್ಲಿಯೇ ಉಳಿಯಲಿ ಎಂಬುದು ಮಗನ ಇಚ್ಛೆ. ಮುಖತ್ಯಾರಪತ್ರದ ಕರಡು ಎರಡು ವಾರದಿಂದ ಮನೆಯ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಪ್ರವಾಸದಲ್ಲಿ ಆ ಮಾತು ಬೇಡವೆಂದು ಸೊಸೆ ಮೊದಲೇ ಎಚ್ಚರಿಸಿದ್ದಳು.

ಭತ್ತದ ಗದ್ದೆ, ಬಾದಾಮಿ ತೋಟಗಳ ನಡುವೆ ಉತ್ತರಕ್ಕೆ ಸಾಗುವ ಹೆದ್ದಾರಿ ರೆಡ್ ಬ್ಲಫ್ ಎಂಬ ಊರಿನವರೆಗೆ ಸಪಾಟು. ಅಲ್ಲಿ ಪೂರ್ವಕ್ಕೆ ತಿರುಗಿದ ಮೇಲೆ ದಾರಿ ಏರತೊಡಗುತ್ತದೆ. ಒಟ್ಟು ಸುಮಾರು 180 ಮೈಲು. ಉದ್ಯಾನದ ಒಳರಸ್ತೆ 8,512 ಅಡಿಯವರೆಗೆ ಹತ್ತಿ ಇಳಿಯುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗುತ್ತದೆ. 2021ರ ಡಿಕ್ಸಿ ಕಾಡ್ಗಿಚ್ಚು ಉದ್ಯಾನದ ಮೂರರಲ್ಲಿ ಎರಡು ಭಾಗದಷ್ಟನ್ನು ವ್ಯಾಪಿಸಿತ್ತು. ಸುಟ್ಟ ಪೈನ್ ಮರಗಳು ಇಂದಿಗೂ ಕರಿಯ ಕಂಬಗಳಂತೆ ನಿಂತಿವೆ.

ದ್ವಾರ ದಾಟಿದ ಸ್ವಲ್ಪ ಹೊತ್ತಿಗೆ ರಸ್ತೆಯ ಪಕ್ಕದಲ್ಲಿಯೇ ನೆಲ ಕುದಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಗೆ ಹುಡುಗಿ ಮೂಗು ಮುಚ್ಚಿಕೊಂಡಳು. ಆದರೆ ಬಂಪಾಸ್ ಹೆಲ್ ನೋಡದೆ ಲಾಸೆನ್ ನೋಡಿದಂತಾಗದು. ಹೋಗಿ ಬರಲು ಮೂರು ಮೈಲಿನ ಕಾಲುದಾರಿ, ಎತ್ತರದ ತೆಳುಗಾಳಿ. ಅಜ್ಜ ಹತ್ತು ಹೆಜ್ಜೆಗೊಮ್ಮೆ ನಿಂತರು. ಮರಳೋಣವೆಂದ ಸೊಸೆಗೆ, "ಬ್ಯಾಡವಾ, ಬಂದದ್ದು ಬಂದೀವಿ, ನೋಡಿಯೇ ಹೋಗೂಣು" ಎಂದರು. ತಿರುವು ದಾಟಿದಾಗ ಕಣಿವೆ ಒಮ್ಮೆಲೆ ತೆರೆದುಕೊಂಡಿತು: ಹಳದಿ, ಬೂದು, ಕೆಂಪು ಮಣ್ಣು, ಕೊತಕೊತ ಕುದಿಯುವ ಕೆಸರಿನ ಮಡುಗಳು, ಹಸಿರು ಮಿಶ್ರಿತ ನೀಲಿ ನೀರು. ಇಲ್ಲಿಯ ಒಂದು ಹಬೆಬಾಯಿಯಲ್ಲಿ 161 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿದೆ. ಆಳದಲ್ಲಿರುವ ಕಾದ ಶಿಲಾಪಾಕವು, ಇಂಗಿ ಬಂದ ಹಿಮದ ನೀರನ್ನು ಹಬೆಯಾಗಿಸಿ ಮೇಲಕ್ಕೆ ದೂಡುತ್ತದೆ. ಜನ ನಡೆಯುವುದು ಹಲಗೆಯ ಮೇಲೆ ಮಾತ್ರ.

ಹಲಗೆ ಬಿಟ್ಟು ಇಳಿದರೆ ಏನಾದೀತೆಂಬುದಕ್ಕೆ ಸ್ಥಳದ ಹೆಸರೇ ಸಾಕ್ಷಿ. 1860ರ ದಶಕದಲ್ಲಿ ಈ ನೆಲದ ಮೇಲೆ ಹಕ್ಕು ಹೂಡಿದ್ದ ಕೆಂಡಾಲ್ ಬಂಪಾಸ್ ಎಂಬಾತ, ಪತ್ರಿಕಾ ಸಂಪಾದಕನೊಬ್ಬನಿಗೆ ಈ ಜಾಗವನ್ನು ತೋರಿಸುವಾಗ ತೆಳುವಾದ ಮೇಲ್ಪದರು ಕುಸಿದು ಕಾಲು ಬೆಂದುಹೋಯಿತು. ಕೊನೆಗೆ ಅದನ್ನು ಕತ್ತರಿಸಬೇಕಾಯಿತು. ಮಗ ಫಲಕ ಓದಿ ಇದನ್ನು ವಿವರಿಸಿದಾಗ ಅಜ್ಜ ಕೇಳಿದ್ದು ಒಂದೇ: "ಸಾತಬಾರಾ ಅವನ ಹೆಸರಿಗೆ ಆಗಿತ್ತೇನು?" ಭೂಮಿ ಕಾನೂನಿನ ಅರ್ಧ ವ್ಯಾಜ್ಯಗಳು ಈ ಪ್ರಶ್ನೆಯಲ್ಲಿಯೇ ಅಡಗಿವೆ.

ಸಂಜೆ ಪರ್ವತದ ಉತ್ತರಕ್ಕಿಳಿದು 'ನಾಶವಾದ ಪ್ರದೇಶ' ಎಂದು ಕರೆಯುವ ಬಯಲನ್ನು ಮುಟ್ಟಿದರು. 1915ರ ಮೇ 19ರ ರಾತ್ರಿ ಬೆಟ್ಟದ ಬಾಯಿಯಿಂದ ಸಿಡಿದ ಕಾದ ಕಲ್ಲು, ಹಿಮವನ್ನು ಕರಗಿಸಿ ಕೆಸರಿನ ಹೊಳೆಯಾಗಿ ಹರಿಯಿತು. ಹ್ಯಾಟ್ ಕ್ರೀಕ್ ಕಣಿವೆಯವನೊಬ್ಬನನ್ನು ಅವನ ನಾಯಿ ಬೊಗಳಿ ಎಬ್ಬಿಸಿತು. ಅವನು ಓಡಿ ನೆರೆಯವರನ್ನು ಎಚ್ಚರಿಸಿದನು. ಮೂರು ದಿನಗಳ ನಂತರದ ಮಹಾಸ್ಫೋಟದ ಬೂದಿ 30,000 ಅಡಿಗೂ ಮೇಲೇರಿತು.

ಅಲ್ಲಿಯ ಕರಿಬಂಡೆಯೊಂದನ್ನು ಸವರಿ ಅಜ್ಜ, "ನಮ್ಮ ಕಡೀ ಕಲ್ಲಿನಂಗ ಐತಿ" ಎಂದರು. ಬಣ್ಣ ಒಂದೇ, ಗುಣ ಬೇರೆ. ಲಾಸೆನ್‌ನ ಶಿಲಾಪಾಕದಲ್ಲಿ ಸಿಲಿಕಾ ಹೆಚ್ಚು. ಅದು ಅಂಟಂಟಾಗಿ, ಅನಿಲಕ್ಕೆ ದಾರಿಗೊಡದೆ ಸಿಡಿಯುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಉಕ್ಕಿದ್ದು ತೆಳುವಾದ ಬಸಾಲ್ಟ್. ಪದರದ ಮೇಲೆ ಪದರವಾಗಿ ಹರಿದು ಹಾಸಿಕೊಂಡಿತು. ಅದು ಸವೆದು ಸೊಲ್ಲಾಪುರದ ಎರೆಮಣ್ಣಾಯಿತು, ಬಿಳಿಜೋಳಕ್ಕೆ ತೇವ ಹಿಡಿದುಕೊಟ್ಟಿತು. ಅಜ್ಜ ಕೆಳಗಿನ ಬೂದುಮಣ್ಣನ್ನು ಹಿಡಿಯಲ್ಲಿ ಒತ್ತಿ ನೋಡಿದರು. ಅದು ಉಂಡೆ ಕಟ್ಟಲಿಲ್ಲ. "ನೂರು ವರ್ಷ ಆದ್ರೂ ಇದು ಇನ್ನ ಮಣ್ಣಾಗಿಲ್ಲ" ಎಂದು ಅಲ್ಲಿಯೇ ಉದುರಿಸಿದರು. ಹುಡುಗಿಯೂ ಜೇಬಿಗಿಳಿಸಿದ್ದ ಕಲ್ಲನ್ನು ತಾಯಿಯ ಮಾತಿಗೆ ಹಿಂದಕ್ಕಿಟ್ಟಳು. ಉದ್ಯಾನದಿಂದ ಕಲ್ಲು ಒಯ್ಯುವುದು ನಿಷಿದ್ಧ.

ರಾತ್ರಿ ಮ್ಯಾಂಜನೀಟ ಸರೋವರದ ಬಳಿ ಡೇರೆ. ಬೆಳಿಗ್ಗೆ ಲೂಮಿಸ್ ವಸ್ತುಸಂಗ್ರಹಾಲಯ. 1914ರಲ್ಲಿ ಸ್ಫೋಟದ ಚಿತ್ರಗಳನ್ನು ತೆಗೆದ ಬೆಂಜಮಿನ್ ಲೂಮಿಸ್, ತೀರಿಕೊಂಡ ಮಗಳ ನೆನಪಿಗೆ 1927ರಲ್ಲಿ ಕಟ್ಟಿಸಿದ ಕಲ್ಲಿನ ಕಟ್ಟಡವದು. ಚಿತ್ರಗಳಿಗಿಂತ ಹೆಚ್ಚು ಹೊತ್ತು ಅಜ್ಜ ಆ ಮಗಳ ಹೆಸರಿನ ಮುಂದೆ ನಿಂತರು.

ರೆಡಿಂಗ್ ಕಡೆಗೆ ಇಳಿಯುವ ದಾರಿಯಲ್ಲಿ, ಯಾರೂ ಕೇಳದಿದ್ದರೂ, ಅವರೇ ಮಗನಿಗೆ ಹೇಳಿದರು: "ಹಿಂಗಾರಿ ಬಿತ್ತಿಗಿ ಮುಂಚೆ ನನ್ನ ತಿಕೀಟು ತಗಸಿ ಬಿಡಪ್ಪಾ. ಕಾಗದದ ಮಾತು ರಾಶಿ ಆದ ಮ್ಯಾಲ ನೋಡೂಣು." ಮಗ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, ಆಗಲೆಂದನು.