ಬೆಂಗಳೂರು ಮೇಲ್ ಹತ್ತುವ ಮುಂಚೆ

ಬೆಂಗಳೂರು ಮೇಲ್ ಚೆನ್ನೈ ಸೆಂಟ್ರಲ್ ಬಿಡುವುದು ರಾತ್ರಿ ಹನ್ನೊಂದರ ಸುಮಾರಿಗೆ. ಈಗಿನ್ನೂ ನಾಲ್ಕೂವರೆ. ಅಡ್ಯಾರಿನ ಗಾಂಧಿನಗರದಲ್ಲಿ ಆಟೊ ಇಳಿದಿದ್ದೀರಿ, ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಎದುರಿಗಿರುವುದು 1982ರಿಂದ ನಡೆಯುತ್ತಿರುವ ಗ್ರ್ಯಾಂಡ್ ಸ್ವೀಟ್ಸ್. ಒಳಗೆ ಹೋಗಿ ಇದು ಎಷ್ಟು, ಅದು ಎಷ್ಟು ಅಂತ ಕೇಳುವ ಮೊದಲೇ ಕೈಗೊಂದು ದೊನ್ನೆ ಬರುತ್ತದೆ. ದಿನಕ್ಕೊಂದು ಬಗೆ, ಇವತ್ತು ನಿಮ್ಮ ಅದೃಷ್ಟಕ್ಕೆ ಸಕ್ಕರೆ ಪೊಂಗಲ್. ದುಡ್ಡಿಲ್ಲ, ಪ್ರಸಾದ. ಏನೂ ಕೊಳ್ಳದೆ ಹಾಗೇ ಹೊರಟರೂ ಯಾರೂ ಮುಖ ಸಿಂಡರಿಸುವುದಿಲ್ಲ. ನಮ್ಮ ಸಂಕ್ರಾಂತಿಯ ಪೊಂಗಲ್‌ಗಿಂತ ಇದು ಮೆತ್ತಗೆ. ಬೆಲ್ಲದ ಬಣ್ಣ ಗಾಢ. ಪಚ್ಚಕರ್ಪೂರ ಎಷ್ಟು ಹದವಾಗಿ ಬಿದ್ದಿದೆಯೆಂದರೆ, ತುತ್ತು ನುಂಗಿದ ಮೇಲೆಯೇ ಅದರ ಸುಳಿವು ಸಿಗುವುದು. ದೊನ್ನೆಯ ತಳಕ್ಕೆ ಅಂಟಿದ ತುಪ್ಪವನ್ನು ಬೆರಳಿನಲ್ಲಿ ಬಳಿದುಕೊಳ್ಳಿ, ಸುತ್ತ ಇರುವವರೆಲ್ಲ ಅದನ್ನೇ ಮಾಡುತ್ತಿದ್ದಾರೆ.

ಇಲ್ಲಿಂದ ಉತ್ತರಕ್ಕೆ, ಮೈಲಾಪುರ. ಕಪಾಲೀಶ್ವರನ ಗುಡಿಯ ಸುತ್ತಲಿನ ಮಾಡ ಬೀದಿಗಳಲ್ಲಿ ಸಂಜೆಯ ಜನ ಆಗಲೇ ಸೇರಿದೆ. ಕಾಲಿಗೆ ಸಿಗುವ ಮಲ್ಲಿಗೆ ಬುಟ್ಟಿ, ಪಕ್ಕೆಗೆ ತಾಗುವ ಸ್ಕೂಟರ್ ತಪ್ಪಿಸಿಕೊಂಡು ಮೂಲೆಯ ಕಾಳತಿ ಅಂಗಡಿಗೆ ಬನ್ನಿ. 1927ರಲ್ಲಿ ಶುರುವಾದ ಪೇಪರ್ ಅಂಗಡಿ ಇದು. ಊರಿಡೀ ಹೆಸರು ಬಂದದ್ದು ಮಾತ್ರ ರೋಸ್ ಮಿಲ್ಕಿಗೆ. ಕೂರಲು ಜಾಗವಿಲ್ಲ, ನಿಂತೇ ಕುಡಿಯಬೇಕು. ಹಾಲು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಬಣ್ಣ ನಾಚಿಕೆಯಿಲ್ಲದ ಗುಲಾಬಿ. ಮೊದಲ ಗುಟುಕಿಗೆ ಮದುವೆಮನೆಯ ಪನ್ನೀರು ನೆನಪಾದರೆ ಗಾಬರಿ ಬೇಡ, ಎರಡನೆಯ ಗುಟುಕಿಗೆ ಸರಿಹೋಗುತ್ತದೆ. ಪಕ್ಕದಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳು ಖಾಲಿ ಲೋಟ ಮುಂದೆ ಚಾಚಿ “ಅಣ್ಣಾ, ಇನ್ನೊಣ್ಣು” ಅನ್ನುತ್ತಿದ್ದಾಳೆ. ನೀವೂ ಅದನ್ನೇ ಅನ್ನಿ.

ಊರಿನ ಯಾವ ಬಡಾವಣೆಗೆ ಹೋದರೂ ಒಂದಲ್ಲ ಒಂದು ಕಡೆ ಶ್ರೀಕೃಷ್ಣ ಸ್ವೀಟ್ಸ್ ಬೋರ್ಡು ಕಾಣುತ್ತದೆ. ಎನ್.ಕೆ. ಮಹದೇವ ಅಯ್ಯರ್ 1948ರಲ್ಲಿ ಕೊಯಮತ್ತೂರಿನಲ್ಲಿ ಶುರು ಮಾಡಿದ ಅಂಗಡಿ; ಅವರ ‘ಮೈಸೂರ್‌ಪಾ’ ಇಲ್ಲಿ ಮನೆಮಾತು. ಒಂದು ತುಂಡು ಬಾಯಿಗಿಡಿ. ತುಪ್ಪ, ಕಡಲೆಹಿಟ್ಟು, ಸಕ್ಕರೆ ಮೂರೂ ಒಟ್ಟಿಗೆ ಕರಗಿ ಹೋಗುತ್ತವೆ, ಹಲ್ಲಿಗೆ ಕೆಲಸವೇ ಇಲ್ಲ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಹೆಸರಿಗೆ ಅಂಟಿಕೊಂಡಿರುವ ನಮ್ಮ ಮೈಸೂರುಪಾಕದ ದಾರಿ ಬೇರೆ. ಕುದಿಯುವ ಪಾಕ ಮತ್ತು ಹಿಟ್ಟಿನ ಮೇಲೆ ಕಾದ ತುಪ್ಪ ಹೊಯ್ದಾಗ ಅದು ಬುಸ್ಸೆಂದು ಉಕ್ಕುತ್ತದೆ, ಮೈತುಂಬ ತೂತು ಬೀಳುತ್ತದೆ. ತಟ್ಟೆಯೊಳಗಿನ ಶಾಖಕ್ಕೆ ನಡುಭಾಗ ಕೆಂಪಗಾಗುತ್ತದೆ. ಆ ಕೆಂಪು ಗೆರೆಯ ಘಮ ಈ ಮೆತ್ತನೆಯದರಲ್ಲಿ ಇಲ್ಲ. ಇದು ಚೆನ್ನಾಗಿದೆ, ಆದರೆ ಇದಕ್ಕಾಗಿ ಚೆನ್ನೈವರೆಗೆ ಬರಬೇಕಾಗಿಲ್ಲ.

ಆಟೊ ರಾಧಾಕೃಷ್ಣನ್ ಸಾಲೈ ದಾಟುವಾಗ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲ್ ಕಾಣುತ್ತದೆ. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ಹಚ್ಚಿದ ಒಲೆಯ ವಂಶ ಇದು. ಇದೇ ರಸ್ತೆಯ ಮುಂದಿನ ತುಂಡು ಕೆಥೆಡ್ರಲ್ ರೋಡು. ಅಲ್ಲಿದ್ದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಕಾರಿನ ಬಾಗಿಲಿಗೆ ಸಿಕ್ಕಿಸಿದ ತಟ್ಟೆಯಲ್ಲಿ ತಿಂಡಿ ತಿಂದ ತಲೆಮಾರು ಇಂದಿಗೂ ಅದರ ಮಾತಾಡುತ್ತದೆ.

ಟ್ರಿಪ್ಲಿಕೇನಿಗೆ ಬಂದರೆ ಗಾಳಿಯ ವಾಸನೆಯೇ ಬದಲು: ಅತ್ತರು, ಸುಟ್ಟ ಮಾಂಸ, ಕಾದ ತುಪ್ಪ. ಬಾಷಾ ಹಲ್ವಾವಾಲಾ ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ, ದಮ್ ಕಾ ರೋಟ್. ಬೆಂಗಳೂರಿನ ಬೇಕರಿಯಲ್ಲಿ ದಮ್ರೋಟ್ ಅಂದರೆ ಬೂದುಗುಂಬಳದ್ದು. ಇಲ್ಲಿ ಹಾಗಲ್ಲ, ರವೆ, ಹಾಲು, ತುಪ್ಪ, ಸಕ್ಕರೆ, ಬಾದಾಮಿ. ಕೆಳಗೂ ಮೇಲೂ ಕೆಂಡದ ಶಾಖ ಕೊಟ್ಟು ಬೇಯಿಸುವುದು ಇದರ ಕ್ರಮ. ಮೇಲಿನ ಕಂದು ಹೊರಪದರ ಚಮಚಕ್ಕೆ ತುಸು ತಡೆ ಕೊಟ್ಟು ಬಿರಿಯುತ್ತದೆ, ಒಳಗೆ ರವೆ ತರಿತರಿ. ಎರಡು ಚಮಚಕ್ಕೇ ಹೊಟ್ಟೆ ಸಾಕು ಅನ್ನುತ್ತದೆ, ನಾಲಿಗೆ ಕೇಳುವುದಿಲ್ಲ. ಅರ್ಧ ಕಿಲೋ ಕಟ್ಟಿಸಿ ಬ್ಯಾಗಿಗೆ ಹಾಕಿ.

ಎಂಟೂವರೆ. ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟಿನೊಳಗೆ ಆಟೊ ಬರಲಾರೆ ಅನ್ನುತ್ತದೆ. ಇಳಿದು ನಡೆಯಿರಿ. ಮಾರ್ವಾಡಿ, ಗುಜರಾತಿ ಮಾತು ಕಿವಿಗೆ ಬೀಳುವಾಗ ಇದು ತಮಿಳುನಾಡೇ ಎಂದು ಅನುಮಾನ ಬರುತ್ತದೆ. ಕಾಕಡ ರಾಮ್‌ಪ್ರಸಾದ್ ಅಂಗಡಿಯ ಮುಂದೆ ಜನ ಮುಗಿಬಿದ್ದಿದ್ದಾರೆ. ಹೆಗಲು ತೂರಿಸಿ ಬಾಣಲೆ ಕಾಣುವ ಜಾಗ ಹಿಡಿಯಿರಿ. ಹುಳಿ ಬಂದ ಮೈದಾಹಿಟ್ಟು ತುಂಬಿದ ಬಟ್ಟೆಗಂಟು ಒಬ್ಬರ ಮುಷ್ಟಿಯಲ್ಲಿದೆ. ಮುಷ್ಟಿ ಬಿಗಿದರೆ ಎಳೆ ಇಳಿಯುತ್ತದೆ, ಮಣಿಕಟ್ಟು ಸುತ್ತಿದರೆ ಸುರುಳಿ. ಆತ ಬಾಣಲೆ ಕಡೆ ನೋಡುತ್ತಲೂ ಇಲ್ಲ, ಯಾರಿಗೋ ಚಿಲ್ಲರೆ ವಿಷಯ ಕೂಗಿ ಹೇಳುತ್ತಿದ್ದಾನೆ. ಸುರುಳಿ ಗಟ್ಟಿಯಾಗುತ್ತಲೇ ಕಡ್ಡಿಯಲ್ಲಿ ಮಗುಚಿ, ಎತ್ತಿ, ಪಾಕಕ್ಕೆ. ಒಂದೆರಡು ಗಳಿಗೆಯಲ್ಲಿ ನಿಮ್ಮ ಎಲೆಗೆ. ಕಚ್ಚಿದರೆ ಮೊದಲು ಗರಿ, ಆಮೇಲೆ ಒಳಗಿನ ಪಾಕ ಬಿಸಿಬಿಸಿಯಾಗಿ ನಾಲಿಗೆ ಸುಡುತ್ತದೆ, ಕೊನೆಗೆ ಎಲ್ಲೋ ಸಣ್ಣ ಹುಳಿ. ಆ ಹುಳಿ ಇಲ್ಲದ ಜಿಲೇಬಿಯನ್ನು ಜಿಲೇಬಿ ಅನ್ನಲು ನನಗೆ ಮನಸ್ಸು ಬಾರದು. ಮೇಲೊಂದು ಲೋಟ ಬಾದಾಮಿ ಹಾಲು ಕುಡಿದರೆ ರಾತ್ರಿಯೂಟದ ಚಿಂತೆ ಮುಗಿಯಿತು.

ಸೆಂಟ್ರಲ್ ಇಲ್ಲಿಂದ ದೂರವಿಲ್ಲ, ಬೇಕಾದಷ್ಟು ಹೊತ್ತಿದೆ. ಆದರೆ ಮನೆಯವರಿಗೆಂದು ಜಿಲೇಬಿ ಕಟ್ಟಿಸಬೇಡಿ, ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ರೋಟ್ ಹಾಗಲ್ಲ, ಬೆಳಿಗ್ಗೆ ಬೆಂಗಳೂರಿನಲ್ಲಿ ಬಿಚ್ಚಿ ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡಿ ಕೊಡಿ.